ಮುತ್ತಿನ ಭಸ್ಮ

ಹೌದು ಮಾರಾಯ್ತಿ, ಮೀನೇ! ತನ್ವಿ ಓದಿದ್ದು ಸರಿ. ಮಗಳಿಗೆ ಕನ್ನಡದ ಒಂದಕ್ಷರ ಬೇಡ, ಬಾಟ್ಲಿ ಮೇಲಿನ ಇಂಗ್ಲಿಷ್ ಮಾತ್ರ ಸರೀ ಕಾಣ್ತದೆ... 'ಮಮ್ಮಿ, ಯೇ ತೋ ಶಾರ್ಕ್ ಹೈ' ಅಂದಳಂತೆ. ಶಾರ್ಕ್ ಅಂದ್ರೆ ನಮ್ಮ ಮಲ್ಪೆಯ ತಾಟೆ ಮೀನು. ಮಾಂಸ ಅಲ್ಲ ಸತ್ಯಾ, ಅದರ ಮೆದು ಎಲುಬಿನ ಪುಡಿ. ಮುತ್ತಿನ ಭಸ್ಮ ಅಂತ ಸುಳ್ಳು ಹೇಳಿ ಐದು ತಿಂಗಳು ಮಜ್ಜಿಗೆಯಲ್ಲಿ ಕಲಸಿ ಕೊಟ್ಟದ್ದು ನಾನೇ.

ಬೈ. ಬೈಯಿ ಮಾರಾಯ್ತಿ! ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇವೆ, ಬೈಯುವ ಹಕ್ಕುಂಟು ನಿನಗೆ.

ನಮ್ಮ ಹೋಟೆಲಿಗೆ ಊಟಕ್ಕೆ ಬರ್ತಾನಲ್ಲ, ವಾಗ್ಳೆ ಎಸ್ಟೇಟಿನ ಔಷಧ ಕಂಪೆನಿಯ ಲೋಕನಾಥ, ಅವನು ಹೇಳಿದ್ದು. ಎದೆಯ ಗಂಟು ಸುಮ್ಮನೆ ದೊಡ್ಡದಾಗುವುದಿಲ್ಲವಂತೆ. ಹೊಸ ಹೊಸ ರಕ್ತನಾಳ ತನ್ನ ಕಡೆ ಎಳ್ಕೊಳ್ತದಂತೆ... ಚಾಳಿನವರು ಮೇನ್ ಪೈಪಿಗೆ ಕದ್ದು ನಳ್ಳಿ ಜೋಡಿಸ್ತಾರಲ್ಲ, ಹಾಗೆ. ಈ ಪುಡಿ ಆ ನಳ್ಳಿಯನ್ನೇ ಬಂದ್ ಮಾಡ್ತದಂತೆ. ರಕ್ತ ಸಿಗದೆ ಗಂಟು ಒಣಗ್ತದಂತೆ... ಯಾಕೆ ನಗ್ತೀ? ಎಲ್ಲ ಅಂತೆ ಕಂತೆಯೇ, ಗೊತ್ತುಂಟು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ!

ಪಾಪ ನನಗಿರಲಿ. ಏಕಾದಶಿಗೆ ನೀರೂ ಮುಟ್ಟದವಳು ನೀನು. ತಿಳಿಯದೆ ತಿಂದದ್ದಕ್ಕೆ ದೋಷ ಇಲ್ಲ. ನಾಳೆಯೇ ಮಠಕ್ಕೆ ಹೋಗಿ ಪಂಚಗವ್ಯ ತಗೊಳ್ಳುವಾ...

ಅರೆ, ದೇವರ ಮೂಲೆ ಯಾಕೆ ಖಾಲಿ? ಸಾಲಿಗ್ರಾಮದ ಪೆಟ್ಟಿಗೆ ಎಲ್ಲಿ? ಮೀನು ಹೊಕ್ಕ ಮನೆಯಲ್ಲಿ ದೇವರು ಬೇಡ ಅಂತ ಪಕ್ಕದ ಭಟ್ರನ್ನು ಕರೆದು ಎತ್ತಿಸಿದೆಯಾ? ನನಗೊಂದು ಫೋನ್ ಮಾಡಬಾರದಿತ್ತಾ? ಹೋಟೆಲು ಇಲ್ಲೇ ಸ್ಟೇಷನ್ ಹತ್ರ... ಮಣೆಯನ್ನೂ ಎತ್ತಿದ್ರಾ?

ಸೆರಗಿನಲ್ಲಿ ಎಂತ ಹಿಡ್ಕೊಂಡದ್ದು?

...ಅದು ಆಸ್ಪತ್ರೆಯ ಕಾಗದ. ಹೌದು, ಮಣೆಯಡಿ ಅಡಗಿಸಿಟ್ಟದ್ದು ನಾನೇ. ನೀನು ಆರಾಮ ಮಾಡು, ಪೂಜೆ ಇನ್ನು ನಾನೇ ಮಾಡ್ತೇನೆ ಅಂದದ್ದು ಅದಕ್ಕೇ. ಬೆರಳು ಮಡಚಿ ತಿಂಗಳು ಎಣಿಸಬೇಡ ಸತ್ಯಾ! ಕೂಡಲೇ ಆಪರೇಶನ್ ಆಗಬೇಕು ಅಂತ ಮಾರ್ಚ್ ಹತ್ತೊಂಬತ್ತಕ್ಕೇ ಬರೆದದ್ದು. ಆಪರೇಶನ್ ಬೇಡ ಅಂತ ಡಾಕ್ಟ್ರು ಹೇಳಿದ್ದಲ್ಲ, ನಿನ್ನತ್ರ ನಾನೇ ಸುಳ್ಳು ಹೇಳಿದ್ದು. ನಮ್ಮ ರತ್ನಾವತಿ ಅಕ್ಕ ನಗ್ತಾ ಒಳಗೆ ಹೋದವಳು, ಆ ಟೇಬಲಿಂದ ಏಳಲೇ ಇಲ್ಲ. ನೀನೂ ಏಳದಿದ್ರೆ? ನನಗೆ ಹೆದರಿಕೆಯಾಯ್ತು. ನಿನಗಲ್ಲ, ನನಗೆ!

ಆದ್ರೆ ಪುಡಿಯ ಮೇಲೆ ನಂಬಿಕೆ ಇತ್ತು, ದೇವರಾಣೆ. ಗುಣ ಆಗ್ತದೆ ಅಂತಲೇ ದಿನಾ ಕೊಟ್ಟದ್ದು. ಇಲ್ಲದಿದ್ರೆ ನಿನ್ನ ಬಾಯಿಗೆ ಮೀನು ಹಾಕ್ತಿದ್ದೆನಾ, ನೀನೇ ಹೇಳು!

ಅರೆ, ಎಲ್ಲಿಗೆ ಎದ್ದೆ? ಈಗ ಮಜ್ಜಿಗೆ ಯಾಕೆ? ಬಾಟ್ಲಿ ಇಲ್ಲಿ ಕೊಡು. ಗೊತ್ತಿದ್ದೂ ಕಲಸ್ತೀಯಾ? ಮೀನದು ಸತ್ಯಾ! ನನ್ನನ್ನೇ ನೋಡ್ತಾ ಹೀಗೆ... ಲೋಟ ಕೆಳಗಿಡು. ಬೇಡ. ಕುಡಿಯಬೇಡ, ಕೈ ಮುಗೀತೇನೆ! ಅದ್ರಿಂದ ಏನೂ ಆಗುವುದಿಲ್ಲ, ತಿಂದ್ರೆ ಗಂಟಿನವರೆಗೆ ಮುಟ್ಟುವುದೇ ಇಲ್ಲ ಅದು... ಡಾಕ್ಟ್ರು ಹೇಳಿದ್ರು.

ಮಾರ್ಚಲ್ಲೇ ಹೇಳಿದ್ರು.