ಎಂಬತ್ತಮೂರಕ್ಕೆ ನಿಂತ ಗೆರೆ

ಗ್ರೋನಿಂಗನ್ ಊರಿನ ಮೀನುಪೇಟೆಯಲ್ಲಿ ಹೆರಿಂಗ್ ಮೀನು ಮಾರುವ ಗಾಡಿಯ ಮುಂದೆ ಮಧ್ಯಾಹ್ನದ ಸಾಲು. ನನ್ನ ಮುಂದೆ ನಿಂತಿದ್ದ ಯೆಲ್ಟ್ಯಾ ಎಂಬ ಹೆಂಗಸು, ವೀಬ ಎಂಬ ಗಂಡಸು ಇಬ್ಬರೂ ಜನರ ನಿವೃತ್ತಿಗೆ ಹಣದ ಯೋಜನೆ ಹಾಕಿಕೊಡುವ ಒಂದೇ ಆಫೀಸಿನವರೆಂದು ಮಾತಿನಲ್ಲೇ ತಿಳಿಯಿತು.

"ಪೋಸ್ತುಮಾ ಟೀಚರ್ ಬಂದಿದ್ರು," ಅಂದ ವೀಬ.

"ಕೆಲಸ ಬಿಟ್ಟು ಮೂರು ತಿಂಗಳಾಯ್ತಲ್ಲ, ಏನಂತೆ?"

"ಅವ್ರ ದುಡ್ಡು ಎಷ್ಟು ವಯಸ್ಸಿನವರೆಗೆ ಬರುತ್ತೆ ಅಂತ ನಾನು ಗೆರೆ ಎಳೆದು ಕೊಟ್ಟ ನಕ್ಷೆ ಹಿಡ್ಕೊಂಡು ಬಂದಿದ್ರು. ಗೆರೆ ಎಂಬತ್ಮೂರನೇ ವಯಸ್ಸಿಗೆ ಯಾಕಪ್ಪ ನಿಂತುಹೋಗಿದೆ ಅಂತ ಕೇಳಿದ್ರು."

"ಎಂಬತ್ಮೂರಾ? ಸಾಫ್ಟ್‌ವೇರ್ ತಾನಾಗೇ ಆಯಸ್ಸು ತೊಂಬತ್ತೈದು ಅಂತ ಇಟ್ಕೊಳ್ಳುತ್ತಲ್ಲ!"

"ನಾನೇ ಸೆಟಿಂಗ್ಸಿಗೆ ಹೋಗಿ ಇಳಿಸಿದ್ದೆ."

"ಯಾಕೋ ಮಾರಾಯ?"

"ತೊಂಬತ್ತೈದು ಅಂದ್ರೆ ದುಡ್ಡು ಸಾಲಲ್ಲ, ಪರದೆ ಕೆಂಪಾಗುತ್ತೆ. ಅರವತ್ತೆರಡಕ್ಕೇ ಕೆಲಸ ಬಿಟ್ಬಿಡ್ತೀನಿ ಅಂತ ಎಷ್ಟು ಆಸೆಯಿಂದ ಕೂತಿದ್ರು ಗೊತ್ತಾ? ಒಂದೊಂದೇ ವರ್ಷ ಇಳಿಸ್ತಾ ಹೋದೆ. ಎಂಬತ್ಮೂರಕ್ಕೆ ಹಸಿರಾಯ್ತು."

"ಹಸಿರು ಮಾಡೋಕೆ ಆಯಮ್ಮನ ಹನ್ನೆರಡು ವರ್ಷ ಕತ್ತರಿಸಿದ್ಯಾ! ಬೈದ್ರಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು. 'ನಿಮಗೆ ಲೆಕ್ಕ ಗೊತ್ತಿರುತ್ತೆ ಬಿಡಪ್ಪ, ಅಷ್ಟು ಬದುಕಿದ್ರೆ ಸಾಕು' ಅಂದು ಕೈ ಕುಲುಕಿ ಹೋದ್ರು."

ಸಾಲು ಮುಂದೆ ಸರಿಯಿತು. ಗಾಡಿಯವನು ಇಬ್ಬರ ಮೀನನ್ನೂ ಹಲಗೆಯ ಮೇಲಿಟ್ಟ.

"ನಿನ್ ನಿವೃತ್ತಿ ಯೋಜನೆನೂ ಆ ಸಾಫ್ಟ್‌ವೇರ್‌ನಲ್ಲೇ ಮಾಡ್ಕೊಂಡಿದೀಯಲ್ಲ," ಅಂದಳು ಯೆಲ್ಟ್ಯಾ. "ನಿನಗೆ ಎಷ್ಟು ಆಯಸ್ಸು ಹಾಕ್ಕೊಂಡೆ?"

ವೀಬನ ಕಿವಿ ಕೆಂಪಾಯಿತು.

"ನೂರು," ಅಂದ, ನೆಲ ನೋಡುತ್ತ.

ಯೆಲ್ಟ್ಯಾ ತನ್ನ ಮೀನನ್ನು ಎತ್ತಿಕೊಂಡು ಅವನಿಗೆ ಕಾಯದೆ ಹೊರಟಳು. ಅವನು ಹಿಂದೆಯೇ ಹೋದ. ಅವನ ಮೀನು ಹಲಗೆಯ ಮೇಲೇ ಉಳಿಯಿತು.