ಮೊದಲನೇ ರೊಟ್ಟಿ

ಲಂಡನ್ನಿನ ಪಿನ್ನರ್ ನಿಲ್ದಾಣದಲ್ಲಿ ಟ್ಯೂಬ್ ರೈಲಿಗೆ ಕಾಯುತ್ತಿದ್ದ ಮೈಸೂರಿನ ಕೃಷ್ಣವೇಣಿಗೆ ಬೆನ್ನ ಹಿಂದೆ ಧಾರವಾಡದ ಕನ್ನಡ ಕೇಳಿಸಿತು. ತಿರುಗಿದರೆ, ಗಂಡ ಹೆಂಡತಿ. ಗಂಡನ ಕೈಯಲ್ಲಿ ನರಿಬೇಟೆ ಉಳಿಸಿರೆಂಬ ಫಲಕ.

“ಬ್ಯಾಟಿ ಬಂದ್ ಮಾಡೂ ಕಾಯ್ದೆ ಬ್ಯಾಡಂತ ಮೆರವಣಿಗಿಗೆ ಹೊಂಟೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?”

“ಮೆಲ್ಲಕ ಮಾತಾಡ. ನಮ್ಮ ಆಸ್ಪತ್ರಿ ದೊಡ್ಡ ಡಾಕ್ಟರು ತಾವ ಕರದಾರ. ಒಲ್ಲೆ ಅಂದ್ರ ನನ್ನ ಪ್ರಮೋಶನ್ ಗತಿ?”

“ಅವರು ಕುದುರಿ ಹತ್ತಿ ನಾಯಿ ಛೂ ಬಿಡಾವ್ರು. ನೀವು?”

“ಒಂದು ನರಿ ಸಲುವಾಗಿ ಅವರನ್ನ ಎದುರು ಹಾಕ್ಕೊಳ್ಳಲೇನು?”

“ಇಲ್ಲೆ ಆಕಳಿಲ್ಲಂತ ದಿನಾ ಮೊದಲನೇ ರೊಟ್ಟಿ ಹಿತ್ತಲದಾಗಿನ ನರಿಗೆ ಹಾಕಾವ್ರು ಯಾರು?”

ಟ್ಯೂಬ್ ಬಂತು. ಅವನು ಹತ್ತಿದ, ಅವಳು ಹತ್ತಲಿಲ್ಲ.

“ನಾಳೆ ಒಂದಿನ ನೀನ ಹಾಕಿಬಿಡ,” ಎಂದ, ಬಾಗಿಲಲ್ಲೇ ನಿಂತು.

“ನಾ ಒಲ್ಲೆ. ನೀವ ಹಾಕ್ರಿ, ಅದರ ಮಾರಿ ನೋಡಿ.”

ಬಾಗಿಲು ಮುಚ್ಚಿತು.