ಬೇಡ ಅಂದಿದ್ದ ವಾರಂಟಿ

ಸರ್ವಿಸ್‌ಗೆ ಬಿಟ್ಟ ಕಾರಿಗಾಗಿ ಶೋರೂಮಿನಲ್ಲಿ ಕಾಯುತ್ತಿದ್ದೆ. ಪಕ್ಕದ ಮೇಜಿನಲ್ಲಿ ಸೇಲ್ಸ್‌ನವನ ಎದುರು ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಅವರ ಡ್ರೈವರ್ ನಿಂತುಕೊಂಡೇ ಚೌಕಾಸಿ ಮಾಡುತ್ತಿದ್ದ.

“ಮ್ಯಾಟು, ಸೀಟ್ ಕವರ್ರು ಫ್ರೀ ಕೊಟ್ರೇ ಮಾತು, ಸಾರ್.”

“ಕೊಡೋಣ. ಐದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿನೂ ಹಾಕ್ಲಾ ಮೇಡಂ?”

“ಅದ್ಯಾಕೆ? ಹತ್ತೊಂಬತ್ತು ವರ್ಷದಿಂದ ಅಮ್ಮಾವ್ರ ಗಾಡಿ ನನ್ ಕೈಲದೆ. ಸಣ್ಣ ಸದ್ದು ಬಂದ್ರೂ ಆವತ್ತೇ ಉದಯಗಿರಿ ಗ್ಯಾರೇಜಿಗೆ ತಗೊಂಡೋಗಿ ಸರಿ ಮಾಡಿಸ್ತೀನಿ. ತೆಗೆದ್ಬುಡಿ ಅದನ್ನ.”

“ಆಯ್ತು, ತೆಗೆದೆ. ಮೇಡಂ, ನೀವು ಫೋನಲ್ಲಿ ಹೇಳಿದ್ದು ಆಟೋಮ್ಯಾಟಿಕ್ ತಾನೆ?”

“ಹೂಂ.”

“ಆಟೋಮ್ಯಾಟಿಕ್ ಯಾಕಮ್ಮ? ನಂಗೆ ಗೇರಿಂದೇ ಸಲೀಸು.”

“ಗಗನ ಅದ್ರಲ್ಲೇ ಓಡ್ಸೋದು ಕಲಿತ್ಕೊಂಡಿದ್ದಾಳೆ ಕಣಪ್ಪ ಮಹದೇವಸ್ವಾಮಿ. ಇನ್ಮೇಲೆ ಸೊಸೆನೇ ಓಡಿಸ್ತಾಳಂತೆ.”

“ಮತ್ತೆ ನಾನು?”

“ರೇಟ್ ಮಾತಾಡಿ ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ.”

ಡ್ರೈವರ್ ಜೇಬಿನಿಂದ ಹಳೇ ಕಾರಿನ ಕೀ ತೆಗೆದು, ಕಾರನ್ನು ಬಾಗಿಲಿಗೆ ತರಲು ಹೊರಟವನು ತಿರುಗಿ ನಿಂತ.

“ಸಾರ್, ಆ ವಾರಂಟಿ ಸೇರಿಸ್ಬುಡಿ. ಇವ್ರ ಮನೇಲಿ ಗಾಡಿ ಸದ್ದು ಯಾರ್ಗೂ ಕೇಳ್ಸಲ್ಲ.”